ಹುಣಸೆ ಬೀಜ, ಇದ್ದಿಲು, ಬಟ್ಟೆ: ಕಡತವೆಂಬ ಪುಸ್ತಕ

ವಿಧಾನಸೌಧದಿಂದ ಗ್ರಾಮ ಪಂಚಾಯಿತಿವರೆಗೆ ಕರ್ನಾಟಕದ ಎಲ್ಲ ಕಚೇರಿಗಳಲ್ಲೂ ದಿನಬೆಳಗಾದರೆ ಕೇಳುವ ಮಾತು ‘ಕಡತ’. ಕಡತ ಮಂಡನೆಯಾಯಿತು, ಕಡತ ವಿಲೇವಾರಿಯಾಗಿಲ್ಲ, ಕಡತವೇ ನಾಪತ್ತೆ. ಹೆಸರು ಹೀಗೆ ಬಾಯಲ್ಲಿ ಉಳಿದಿದೆ, ಹೆಸರಿನ ಒಡೆಯ ಮಾತ್ರ ಮರೆಯಾಗಿದ್ದಾನೆ. ಕಡತವೆಂದರೆ ಮೊದಲಿಗೆ ಫೈಲ್ ಅಲ್ಲ, ಕಾಗದವೂ ಅಲ್ಲ. ಅದು ಬಟ್ಟೆಯಿಂದ ಮಾಡಿದ ಕಪ್ಪು ಪುಸ್ತಕ.

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಇದನ್ನು ಅಳತೆ ಸಮೇತ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿ ಬಟ್ಟೆ. ಅದರ ಎರಡೂ ಮೈಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಎಲ್ಲೂ ಕತ್ತರಿಸದೆ ಸಮನಾಗಿ ಮಡಚುವುದು. ಎರಡು ತುದಿಗೂ ಬಣ್ಣ ಹಚ್ಚಿ ಮೆರುಗು ಕೊಟ್ಟ ಮರದ ಹಲಗೆ, ಮೇಲೊಂದು ರೇಷ್ಮೆಯ ಅಥವಾ ಹತ್ತಿಯ ಚೀಲ. ಬರೆಯುವುದು ಬಳಪದಲ್ಲಿ, ಕಪ್ಪಿನ ಮೇಲೆ ಬಿಳಿ. ಬೇಡವಾದರೆ ಸ್ಲೇಟಿನ ಹಾಗೆ ಅಳಿಸಿ ಮತ್ತೆ ಬರೆಯಬಹುದು. ಮೈಸೂರಿನ ವರ್ತಕರೂ ಅಂಗಡಿಕಾರರೂ ಇದರಲ್ಲೇ ಲೆಕ್ಕ ಇಡುತ್ತಿದ್ದರು. ಕಡತದಲ್ಲಿ ಬರೆದ ಸಾಲಪತ್ರ ಸಾಕ್ಷ್ಯವಾಗಿ ಸ್ವೀಕಾರವಾದದ್ದನ್ನೂ ವಿಲ್ಕ್ಸ್ ಕಂಡಿದ್ದ. ಇಂಡಿಯಾದಲ್ಲಿ ಬರವಣಿಗೆಗೆ ಬಳಸುವ ವಸ್ತುಗಳಲ್ಲಿ ಕಲ್ಲು ಮತ್ತು ತಾಮ್ರ ಬಿಟ್ಟರೆ ಇದಕ್ಕಿಂತ ಬಾಳಿಕೆಯದು ಇನ್ನೊಂದಿಲ್ಲ ಎಂಬುದು ಅವನ ತೀರ್ಮಾನ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಗಂಜಿಯ ವಾಸನೆ. ನಾನು ಬೆಳೆದದ್ದು ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳ್ಯದ ಕಡೆಯ ದೇವಾಂಗರ ಕೇರಿಯಲ್ಲಿ. ಬೀದಿಗೆ ಇಳಿದರೆ ತಮಿಳು, ಮಗ್ಗದ ಗುಂಡಿಗೆ ಇಳಿದರೆ ಕನ್ನಡ. ಹಾಸುನೂಲಿಗೆ ಗಂಜಿ ಎಳೆಯುವ ಬೆಳಗಿನ ಜಾವ ಕೇರಿ ತುಂಬ ಹುಳಿಹುಳಿ ವಾಸನೆ ಇರುತ್ತಿತ್ತು. ನೂಲು ಲಾಳಿಯ ಉಜ್ಜಾಟ ತಡೆಯಬೇಕಾದರೆ ಗಂಜಿ ಬೇಕು, ಬಟ್ಟೆ ಬಳಪದ ಉಜ್ಜಾಟ ತಡೆಯಬೇಕಾದರೂ ಗಂಜಿಯೇ ಬೇಕು. ಹುಣಸೆ ಬೀಜದ ಹಿಟ್ಟನ್ನು ಇಂದಿಗೂ ನೂಲಿನ ಗಂಜಿಗೆ ಬಳಸುತ್ತಾರೆ. ಕಡತದ ಅಂಟೂ ಅದೇ ಬೀಜದ್ದು. ಹಾಗಾಗಿ ಕಡತವನ್ನು ಪಂಡಿತರ ಕೈಯ ವಸ್ತು ಎನ್ನುವುದಕ್ಕಿಂತ ನೇಕಾರರ ಬುದ್ಧಿ ಎನ್ನುವುದೇ ನನಗೆ ಸರಿ ಎನಿಸುತ್ತದೆ.

ಹದ ಹೇಳಿಕೊಡುವವರು ನನಗೆ ಸಿಗಲಿಲ್ಲ. ಹೋದ ಬೇಸಿಗೆಯಲ್ಲಿ ನಾನೇ ಮಾಡಿ ನೋಡಿದೆ. ಒರಟು ಹತ್ತಿ ಬಟ್ಟೆ ಆರು ಮೊಳ. ಹುಣಸೆ ಬೀಜವನ್ನು ಹುರಿದು, ನೆನೆಹಾಕಿ, ಸಿಪ್ಪೆ ತೆಗೆದು, ಬೇಳೆ ರುಬ್ಬಿ, ಸರಿಯ ಹಾಗೆ ಕುದಿಸಿದೆ. ತೆಂಗಿನ ಕರಟ ಸುಟ್ಟ ಇದ್ದಿಲನ್ನು ಕುಟ್ಟಿ ಜರಡಿ ಹಿಡಿದು ಅದಕ್ಕೆ ಕಲಸಿದೆ. ಮೊದಲ ಸಲ ಲೇಪ ದಪ್ಪವಾಗಿ ಮಡಿಕೆ ಮಡಿಕೆಯಲ್ಲೂ ಬಿರುಕು ಬಿಟ್ಟಿತು. ಎರಡನೆಯ ಸಲ ತೆಳ್ಳಗೆ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ, ನಾಲ್ಕು ಸುತ್ತಾದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ತಿಕ್ಕಿದೆ. ಸಂಜೆಯ ಹೊತ್ತಿಗೆ ಬಟ್ಟೆ ಬಟ್ಟೆಯಾಗಿ ಉಳಿದಿರಲಿಲ್ಲ. ಬೆರಳಿಗೆ ತಣ್ಣಗೆ, ಕಲ್ಲಿನ ಹಾಗೆ. ಮಡಚಿದರೆ ಮಾತ್ರ ಮಡಚಿಕೊಳ್ಳುತ್ತದೆ. ಬಳಪ ಇಟ್ಟಾಗ ಸಣ್ಣಗೆ ಕರಕರ ಸದ್ದು. ಅಕ್ಷರ ಬೆಳ್ಳಗೆ ಎದ್ದು ನಿಂತಿತು. ನನ್ನ ಅಜ್ಜಿಯ ಹೆಸರು ಬರೆದೆ. ಕಲ್ಲಿನ ಗುಣವನ್ನು ಹತ್ತಿಗೆ ಬರಿಸಿದವರು ಎಂಥವರಿರಬೇಕು ಎಂದು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದೆ.

ಅಪರೂಪದ ವಸ್ತುಗಳಿಂದ ಮಾಡಿದ ದುಬಾರಿ ಪುಸ್ತಕಗಳಿಗೆ ಈಗ ದೊಡ್ಡ ಮಾರುಕಟ್ಟೆ ಇದೆ. 1999ರಲ್ಲಿ ಟಾಶೆನ್ ಪ್ರಕಾಶನ ತಂದ ಛಾಯಾಗ್ರಾಹಕ ಹೆಲ್ಮುಟ್ ನ್ಯೂಟನ್ನನ ‘ಸುಮೋ’ 30 ಕಿಲೋಗೂ ಮಿಕ್ಕಿದ ತೂಕದ್ದು. ಅದನ್ನು ಇಡಲೆಂದೇ ಒಂದು ಸ್ಟ್ಯಾಂಡ್ ಜೊತೆಗೆ ಬಂತು. ಅದಕ್ಕೂ ಮೊದಲಿನದು ಲಂಡನ್ನಿನ ಸ್ಯಾಂಗೋರ್ಸ್ಕಿ ಮತ್ತು ಸಟ್‌ಕ್ಲಿಫ್ ಕಟ್ಟಿದ ಉಮರ್ ಖಯ್ಯಾಮನ ಪದ್ಯಗಳ ಪ್ರತಿ: ರಟ್ಟಿಗೆ ಸಾವಿರಕ್ಕೂ ಮೇಲ್ಪಟ್ಟು ರತ್ನಗಳು, ಚಿನ್ನದಲ್ಲಿ ಬಿಡಿಸಿದ ನವಿಲುಗಳು. ಅದು 1912ರಲ್ಲಿ ಟೈಟಾನಿಕ್ ಜೊತೆ ಮುಳುಗಿತು. ಅದೇ ಮಾದರಿಯ ಎರಡನೆಯ ಪ್ರತಿ ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಹಾಳಾಯಿತು. ಆ ಕೈಗಳ ಕುಶಲತೆಗೆ ನಾನು ತಲೆಬಾಗುತ್ತೇನೆ. ಆದರೆ ಅಲ್ಲಿ ರತ್ನ ಅಕ್ಷರಕ್ಕೆ ಏನನ್ನೂ ಮಾಡುವುದಿಲ್ಲ. ರತ್ನ ಕಿತ್ತರೂ ಪದ್ಯ ಹಾಗೇ ಇರುತ್ತದೆ. ಕಡತದಲ್ಲಿ ಇದ್ದಿಲು ಕಿತ್ತರೆ ಅಕ್ಷರವೇ ಇಲ್ಲ.

ನಮ್ಮಲ್ಲೂ ಸಿರಿವಂತ ಪುಸ್ತಕಗಳಿದ್ದವು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಮೂಡಬಿದಿರೆಯ ಜೈನ ಬಸದಿಯ ಧವಲಾ ಗ್ರಂಥಗಳಂತೂ ಲೋಕದ ಯಾವ ಗ್ರಂಥಾಲಯದಲ್ಲಿಟ್ಟರೂ ತಲೆಯೆತ್ತಿ ನಿಲ್ಲುವಂಥವು. ಹನ್ನೆರಡನೆಯ ಶತಮಾನದ ಶ್ರೀತಾಳೆ ಗರಿಗಳು, ಮಸಿಯಲ್ಲಿ ಬರೆದ ಹಳಗನ್ನಡ ಲಿಪಿ, ನಡುನಡುವೆ ಬಣ್ಣದ ಚಿತ್ರಗಳು. ಕರತಾಳೆಯ ಮೇಲೆ ಕಂಟದಿಂದ ಕೊರೆಯಬೇಕು. ಶ್ರೀತಾಳೆ ಅಗಲ, ಮೃದು, ಮಸಿ ಹಿಡಿಯುತ್ತದೆ. ಅದಕ್ಕೇ ಅಲ್ಲಿ ಚಿತ್ರಕ್ಕೂ ಜಾಗ ಸಿಕ್ಕಿತು. ಆದರೆ ಆ ಗರಿಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ತೆರೆದಿದ್ದವು, ಓದಿಗೆ ಅಲ್ಲ. ಪ್ರತಿ ಮಾಡಲು ಒಪ್ಪಿಗೆ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಗುಟ್ಟಾಗಿ ಒಂದು ಪ್ರತಿ ಹೊರಬಿದ್ದು, ಕೈದಾಟಿ ಕೈದಾಟಿ, ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಪೂಜೆ ಆ ಗರಿಗಳನ್ನು ಕಾಪಾಡಿತು ಎಂಬುದು ನಿಜ, ಆ ಋಣ ದೊಡ್ಡದು. ಆದರೆ ಗರಿಗಳನ್ನು ಉಳಿಸಿದ್ದಷ್ಟೇ ಸಾಕಾಗಲಿಲ್ಲ. ಅವುಗಳಲ್ಲಿದ್ದ ಮಾತು ಲೋಕಕ್ಕೆ ತಲುಪಿದ್ದು ಪ್ರತಿ ಮಾಡಿದ ಕೈಗಳಿಂದ.

ಕಡತಕ್ಕೂ ಕೊರತೆಗಳಿವೆ, ಮುಚ್ಚಿಡಬೇಕಾಗಿಲ್ಲ. ಅಳಿಸಬಹುದಾದ ಪುಸ್ತಕ ಮೋಸಕ್ಕೂ ಎಡೆ ಕೊಡುತ್ತದೆ. ಸರ್ಕಾರಿ ಲೆಕ್ಕಗಳನ್ನು ಕಡತದಲ್ಲಿ ಇಡಕೂಡದೆಂದು ಟಿಪ್ಪು ಸುಲ್ತಾನ ತಡೆ ಹಾಕಿದ್ದನ್ನು ವಿಲ್ಕ್ಸನೇ ಹೇಳುತ್ತಾನೆ. ಆಗ ಕೊಯಮತ್ತೂರು ಸೀಮೆಯೂ ಮೈಸೂರಿಗೆ ಸೇರಿತ್ತು. 1799ರ ತನಕ ಗಜಲಹಟ್ಟಿ ಕಣಿವೆ ಇಳಿದು ಬಂದ ವರ್ತಕರು ತಮ್ಮ ಲೆಕ್ಕದ ಪುಸ್ತಕವನ್ನು ಮೇಲೇ ಬಿಟ್ಟು ಬಂದಿರಲಾರರು ಎಂಬುದು ನನ್ನ ಊಹೆ. ಇನ್ನೂ ದೊಡ್ಡ ಕೊರತೆ ಬೇರೆ: ನಮ್ಮ ಕವಿಗಳು ಓಲೆಗರಿಯನ್ನೇ ಹಿಡಿದುಕೊಂಡರು. ಕಡತ ಹೆಚ್ಚಾಗಿ ಲೆಕ್ಕ, ಪತ್ರ, ಮಠಮಾನ್ಯಗಳ ದಾಖಲೆಗಳಲ್ಲೇ ನಿಂತಿತು. ಶೃಂಗೇರಿ ಮಠದ ಕಡತಗಳು ಇವತ್ತು ಇತಿಹಾಸಕಾರರಿಗೆ ಭಂಡಾರ. ಆದರೆ ಲೆಕ್ಕದ ಪುಸ್ತಕ ತಾನೇ ಎಂಬ ಉದಾಸೀನದಿಂದ ಕಲಾ ವಿಮರ್ಶೆ ಅದರ ಕಡೆ ತಿರುಗಿ ನೋಡಿದ್ದು ತೀರಾ ಕಡಿಮೆ. ಇದು ತಪ್ಪು. ಚಿತ್ರವಿದ್ದರೆ ಕಲೆ, ಜಮಾಖರ್ಚಿದ್ದರೆ ಸಾಮಾನು ಎಂಬ ಅಳತೆಗೋಲಿನಿಂದ ಪುಸ್ತಕವನ್ನು ಅಳೆಯಲಾಗದು. ಹದಿನೆಂಟು ಅಡಿ ಬಟ್ಟೆಗೆ ಒಂದೇ ಒಂದು ಕತ್ತರಿ ಹಾಕದೆ, ಒಂದು ಹೊಲಿಗೆ ಹಾಕದೆ, ಎರಡೂ ಕಡೆಯಿಂದ ತೆರೆಯುವ ಪುಸ್ತಕ ಮಾಡಿದ್ದಕ್ಕಿಂತ ಚೊಕ್ಕ ವಿನ್ಯಾಸವನ್ನು ನಾನು ಕಂಡಿಲ್ಲ.

ನಮ್ಮ ಈಗಿನ ವಿಶೇಷ ಆವೃತ್ತಿಗಳನ್ನು ನೋಡಿದಾಗ ಬೇಸರವಾಗುವುದು ಇದಕ್ಕೇ. ರೇಷ್ಮೆ ಹೊದಿಸಿದ ರಟ್ಟು, ಅಂಚಿಗೆ ಚಿನ್ನದ ಬಣ್ಣ, ಒಳಗೆ ಹೊಳೆಯುವ ಆರ್ಟ್ ಪೇಪರ್. ಮದುವೆ ಮನೆಯಲ್ಲಿ ಕೈಗೆ ಕೊಟ್ಟರೆ ಶೋಕೇಸು ಸೇರುತ್ತದೆ. ಇದಕ್ಕೆ ಹೊರತಾದ ದಾರಿಯೂ ಕಣ್ಣೆದುರಿಗಿದೆ. ಚೆನ್ನೈನ ತಾರಾ ಬುಕ್ಸ್ ಗೊಂಡ ಕಲಾವಿದರ ಚಿತ್ರಗಳನ್ನು ಹತ್ತಿಯಿಂದ ಮಾಡಿದ ಕೈಕಾಗದದ ಮೇಲೆ ಒಂದೊಂದು ಬಣ್ಣವಾಗಿ ಪರದೆ ಮುದ್ರಣ ಮಾಡಿ ಪುಸ್ತಕ ಕಟ್ಟುತ್ತದೆ. ಅಲ್ಲಿ ಕಾಗದದ ಕಪ್ಪು ಚಿತ್ರದ ರಾತ್ರಿಯಾಗುತ್ತದೆ, ಬೆರಳಿಗೆ ಬಣ್ಣದ ದಪ್ಪ ಸಿಗುತ್ತದೆ. ವಸ್ತು ಅಲ್ಲಿ ದುಡಿಯುತ್ತದೆ.

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಂದ ಹೊರಬೀಳುವ ಹತ್ತಿ ಚೂರುಗಳು ಕೈಕಾಗದದವರಿಗೆ ಹೋಗುತ್ತವೆ. ಕೊಯಮತ್ತೂರಿನ ಸುತ್ತ ನೇಯುವ ಕೈಗಳು ಇನ್ನೂ ಇವೆ, ಆ ಕೈಗಳಲ್ಲಿ ಕನ್ನಡ ಮಾತಾಡುವವೂ ಎಷ್ಟೋ. ಹುಣಸೆ ಮರವಿಲ್ಲದ ರಸ್ತೆ ಈ ಸೀಮೆಯಲ್ಲಿ ಅಪರೂಪ. ಕಡತಕ್ಕೆ ಬೇಕಾದದ್ದೆಲ್ಲ ಒಂದು ಹಗಲಿನ ದಾರಿಯೊಳಗೇ ಸಿಗುತ್ತದೆ. ಯಾವುದಾದರೂ ವಿಶ್ವವಿದ್ಯಾಲಯವೋ ಕಲಾಶಾಲೆಯೋ ನಾಲ್ಕು ಜನ ನೇಕಾರರನ್ನೂ ಒಬ್ಬ ಲಿಪಿಕಾರನನ್ನೂ ಕೂರಿಸಿದರೆ ಒಂದು ಬೇಸಿಗೆಯಲ್ಲಿ ಹದ ಮತ್ತೆ ಕೈಗೆ ಹತ್ತುತ್ತದೆ. ಅದು ಮಾರುಕಟ್ಟೆಗೆ ಬರಬೇಕೆಂದು ನಾನು ಹೇಳುತ್ತಿಲ್ಲ, ಕೈಗೆ ಬರಬೇಕು ಎನ್ನುತ್ತಿದ್ದೇನೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಬೇಡಿಕೆ. ಹಳೆಯ ಮನೆ ಇಳಿಸುವಾಗ ಅಟ್ಟದ ಪೆಟ್ಟಿಗೆಯಲ್ಲಿ ಕಪ್ಪಗೆ ಮಡಚಿದ, ಮರದ ರಟ್ಟಿನ ಬಟ್ಟೆಯ ಕಟ್ಟು ಸಿಕ್ಕಿದರೆ ಗುಜರಿಗೆ ಹಾಕಬೇಡಿ. ಧೂಳು ಕಂಡಿತೆಂದು ಒದ್ದೆ ಬಟ್ಟೆಯಿಂದ ಒರೆಸಲೂ ಬೇಡಿ. ಅದರಲ್ಲಿರುವುದು ಬಳಪದ ಅಕ್ಷರ, ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಮೊದಲು ಒಂದೊಂದು ಮಡಿಕೆಯನ್ನೂ ಬಿಡಿಸಿ ಫೋಟೋ ತೆಗೆಯಿರಿ, ಆಮೇಲೆ ಓದಬಲ್ಲವರಿಗೆ ತೋರಿಸಿ.