ತೊಗಲುಗೊಂಬೆಯೂ ವೃದ್ಧ ಶ್ರೋತೃಗಳೂ

ಪೆನುಕೊಂಡೆಗೆ ಬರುವವರು ಕೋಟೆಯನ್ನು ಕಂಡು, 1565ರ ಅನಂತರ ವಿಜಯನಗರದ ಅರಸರು ಇಲ್ಲಿ ನೆಲೆಸಿದ ವೃತ್ತಾಂತವನ್ನು ಕೇಳಿ ಹಿಂದಿರುಗುವುದು ವಾಡಿಕೆ. ಧರ್ಮಾವರದ ಬಳಿಯ ನಿಮ್ಮಲಕುಂಟೆಯವರೆಗೆ ಹೋಗುವವರು ವಿರಳ. ತೊಗಲುಗೊಂಬೆಯ ಮನೆತನಗಳ ಊರದು. ಅಲ್ಲಿಯ ದಳವಾಯಿ ಚಲಪತಿರಾಯರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಬೆಳಕು ಹಾಯುವಂತೆ ತೊಗಲನ್ನು ಹದಮಾಡಿ, ತೂತು ಕೊರೆದು, ಬಣ್ಣವಿಟ್ಟ ರಾಮ ರಾವಣರು ಇಂದು ಲ್ಯಾಂಪ್‌ಶೇಡುಗಳಾಗಿಯೂ ಮಾರಾಟವಾಗುತ್ತಾರೆ. ಹೊಟ್ಟೆಯ ಪಾಡನ್ನು ನಾವು ಆಕ್ಷೇಪಿಸಲಾರೆವು. ಆದರೂ ಆ ದೀಪದ ಮುಂದೆ ಕೂರುವವನು ಒಬ್ಬನೇ. ತೆರೆಯ ಮುಂದಾದರೋ ಊರೇ ಕೂರುತ್ತಿತ್ತು.

ಈ ಆಟದ ಜೀವಾಳ ರಾಮಾಯಣವಷ್ಟೇ ಅಲ್ಲವೆಂದು ನಮಗೆ ತೋರುತ್ತದೆ. ಕಥೆಯ ನಡುವೆ ನುಗ್ಗುವ ವಿದೂಷಕರಿದ್ದಾರಲ್ಲ, ಕನ್ನಡದ ಕಡೆ ಕಿಳ್ಳೇಕ್ಯಾತ, ತೆಲುಗಿನ ಕಡೆ ಕೇತಿಗಾಡು, ಎರಡೂ ಕಡೆ ಬಂಗಾರಕ್ಕ, ಅವರು ಊರಿನ ಸುದ್ದಿಯನ್ನೇ ಎತ್ತಿ ಆಡುವವರು. ಅಂಥ ಹಾಸ್ಯದ ಮರ್ಮ ತಿಳಿಯಲು ಊರಿನ ಹಳೆಯ ಜಗಳಗಳೂ ನಂಟುಗಳೂ ನೆನಪಿರಬೇಕು. ಆ ನೆನಪು ಇರುವುದು ಮುದುಕರಲ್ಲಿ. ಅವರು ನಕ್ಕ ಮೇಲೆಯೇ ಹುಡುಗರಿಗೆ ನಗುವ ಕಾರಣ ತಿಳಿಯುವುದು.

ಮಡಕಶಿರೆಯ ಸೀಮೆಯಲ್ಲಿ ಮನೆಮಾತು ಕನ್ನಡವಾದ ಕುಟುಂಬಗಳು ಬಹಳ. ಮಕ್ಕಳು ಬೆಂಗಳೂರಿಗೆ ದುಡಿಯಲು ಹೋದರೆ, ಮೊಮ್ಮಕ್ಕಳ ಓದು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಸಾಗಿದರೆ, ಅಜ್ಜಿಯ ಕಥೆಗೆ ಹೂಂಗುಟ್ಟುವವರೇ ಇಲ್ಲವಾಗುತ್ತಾರೆ. ಇದು ಅನ್ನವಸ್ತ್ರಗಳ ಕೊರತೆಯಲ್ಲ. ಪಿಂಚಣಿಯಿಂದ ತೀರುವಂಥದೂ ಅಲ್ಲ.

ಹಿರಿಯರಿಗೆಂದು ನಡೆಸುವ ಕಲಾಕಾರ್ಯಕ್ರಮಗಳ ಮೇಲೆ ನಮ್ಮ ಆಕ್ಷೇಪಣೆ ಇರುವುದು ಇಲ್ಲಿಯೇ. ಮೊದಲ ಸಾಲಿನ ಕುರ್ಚಿ, ಒಂದು ಶಾಲು, ಅಧ್ಯಕ್ಷರ ದೀರ್ಘ ಭಾಷಣ, ಕೊನೆಗೆ ಅರ್ಧ ಗಂಟೆಯ ಆಟ! ಬಂದ ವೃದ್ಧರು ಮೌನವಾಗಿ ಬಂದಂತೆಯೇ ಮೌನವಾಗಿ ಹಿಂದಿರುಗುತ್ತಾರೆ. ಅವರಿಂದ ಯಾರೂ ಏನನ್ನೂ ಕೇಳಿರುವುದಿಲ್ಲ. ಕೊಪ್ಪಳ ಸೀಮೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಿತವಾದಾಗ ವಯಸ್ಸು ತೊಂಬತ್ತನ್ನು ದಾಟಿತ್ತು. ಬಾಳೆಲ್ಲ ತೆರೆಯ ಹಿಂದೆ ಗೊಂಬೆಯಾಡಿಸಿದ ಆಕೆಯನ್ನು ಕೇವಲ ಪ್ರೇಕ್ಷಕಿಯೆಂದು ಯಾರು ಎಣಿಸಿಯಾರು?

ಹಿಂದೂಪುರದಲ್ಲಾಗಲಿ ಪೆನುಕೊಂಡೆಯಲ್ಲಾಗಲಿ ಮುಂದೆ ಗೊಂಬೆಯಾಟವನ್ನು ಏರ್ಪಡಿಸುವವರು ಮೇಳದವರನ್ನು ಒಂದು ದಿನ ಮುಂಚೆಯೇ ಕರೆಸಬೇಕು. ಸಂಜೆ ಅರಳಿಕಟ್ಟೆಯ ಮೇಲೆ ಹಿರಿಯರೊಡನೆ ಅವರನ್ನು ಕೂರಿಸಿ, ಕಿಳ್ಳೇಕ್ಯಾತನು ಆಡಬೇಕಾದ ಮಾತನ್ನು ಆ ಹಿರಿಯರಿಂದಲೇ ಹೇಳಿಸಬೇಕು. ಭಾಷಣಗಳಿಗೆ ಮೀಸಲಿಟ್ಟ ಹಣದಲ್ಲಿ ಮೇಳದವರ ಆ ರಾತ್ರಿಯ ಊಟ ನಡೆದೀತು.