ಕಚ್ಚಿ ಹಿಡಿದರಷ್ಟೇ ಸಾಲದು

ಸ್ಕೀ ಹಲಗೆಗೆ ಡ್ರಿಲ್ ಇಟ್ಟಾಗ ಮೊದಲು ಏಳುವುದು ಬಣ್ಣದ ಪ್ಲಾಸ್ಟಿಕ್ ಪುಡಿ. ಆಮೇಲೆ, ಒಳಗೆ ಲೋಹವಿದ್ದರೆ, ಕೈಗೆ ಬಿಗಿ ಹತ್ತಿ, ಬೆಳ್ಳಿಯಂತೆ ಹೊಳೆಯುವ ಎಳೆಗಳು ಸುರುಳಿಯಾಗಿ ಮೇಲೆ ಬರುತ್ತವೆ. ಅದು ಟೈಟನಾಲ್, ಅಲ್ಯೂಮಿನಿಯಂ ಮಿಶ್ರಲೋಹದ ತೆಳು ತಗಡು. ಅದನ್ನು ದಾಟಿದರೆ ಬಿಟ್ ಸರಕ್ಕನೆ ಇಳಿದು ತಿಳಿಗಂದು ಮರದ ಪುಡಿ ಬರುತ್ತದೆ. ಬೋರ್‌ವೆಲ್ ಕೊರೆಸುವಾಗ ಮೇಲೆ ಬಂದ ಮಣ್ಣಿನ ಬಣ್ಣ ನೋಡಿಯೇ ಒಳಗೇನಿದೆ ಎಂದು ಹೇಳುವವರಿದ್ದಾರಲ್ಲ, ಹಾಗೆ. ಆದರೆ ಇಲ್ಲಿ ಆಳ 9.5 ಮಿ.ಮೀ. ಮಾತ್ರ. ಇನ್ನೂ ಇಳಿಸಿದರೆ ಹಿಮದ ಮೇಲೆ ಜಾರುವ ತಳವೇ ಉಬ್ಬುತ್ತದೆ, ಇಲ್ಲವೇ ತೂತಾಗುತ್ತದೆ.

ನಾನಿರುವ ಅಮೆರಿಕದ ವರ್ಮಾಂಟ್‌ನಲ್ಲಿ ಹಿಮ ಬೀಳುವ ಮುಂಚಿನ ವಾರಗಳಲ್ಲಿ ಎಷ್ಟೋ ಗ್ಯಾರೇಜುಗಳಲ್ಲಿ ಈ ಕೆಲಸ ನಡೆಯುತ್ತದೆ. ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗ್ ಸವೆದಿರುತ್ತದೆ, ಬೇರೆ ಅಳತೆಯ ಬೂಟು ಕೊಂಡಿರುತ್ತಾರೆ, ಇಲ್ಲವೇ ಯಾರೋ ಬಳಸಿದ ಸ್ಕೀ ಅಗ್ಗಕ್ಕೆ ಸಿಕ್ಕಿರುತ್ತದೆ. ಹಳೆಯದನ್ನು ಬಿಚ್ಚಿ, ಬೇರೆ ಜಾಗದಲ್ಲಿ ಕೊರೆದು ಕೂರಿಸುತ್ತಾರೆ. ಗಟ್ಟಿಯಾಗಿರುವ ಹಲಗೆಯನ್ನು ಎಸೆಯದೆ ಇನ್ನಷ್ಟು ವರ್ಷ ಓಡಿಸುವ ಈ ರೂಢಿಯ ಬಗ್ಗೆ ನನಗೆ ಗೌರವವಿದೆ. ಅದರ ಗಮನವೆಲ್ಲ ಅರ್ಧ ಕೆಲಸದ ಮೇಲೇ ನಿಂತಿದೆ ಎಂಬ ತಕರಾರೂ ಇದೆ.

ಆ ಅರ್ಧವನ್ನು ಅಚ್ಚುಕಟ್ಟಾಗಿಯೇ ಮಾಡುತ್ತಾರೆ. ಲೋಹದ ತಗಡಿಲ್ಲದ ಸ್ಕೀಗೆ 3.6 ಮಿ.ಮೀ. ಬಿಟ್, ತಗಡಿದ್ದರೆ 4.1. ಅರ್ಧ ಮಿಲಿಮೀಟರ್ ತಾನೇ ಎಂದು ಮೊದಲ ಸಲ ನಾನು ಅಸಡ್ಡೆ ಮಾಡಿದ್ದೆ. ಸ್ಕ್ರೂ ಬಿಗಿಯುತ್ತಿದ್ದಂತೆ ತೂತಿನ ಸುತ್ತ ಮೇಲ್ಪದರ ಹುತ್ತದ ಹಾಗೆ ಎದ್ದು, ಬೈಂಡಿಂಗ್ ಸಮತಟ್ಟಾಗಿ ಕೂರಲೇ ಇಲ್ಲ. ಹಳೆಯ ತೂತಿಗೆ ಅಂಟು ಸವರಿದ ಬಿರಡೆ ಬಡಿಯುವುದು ಅಂದಕ್ಕಲ್ಲ; ಹಾಗೇ ಬಿಟ್ಟರೆ ಕರಗಿದ ಹಿಮ ಒಳಗಿಳಿದು ಮರ ಕೊಳೆಯುತ್ತದೆ. ಹೊಸ ತೂತು ಹಳೆಯದರಿಂದ ಕನಿಷ್ಠ 1 ಸೆಂ.ಮೀ. ದೂರವಿರಲಿ ಎನ್ನುವುದು ವಾಡಿಕೆ. ಸ್ಕ್ರೂವಿನ ತಲೆ ಫಿಲಿಪ್ಸ್‌ನಂತೆ ಕಂಡರೂ ಅದು ಪೋಜಿಡ್ರೈವ್. 3ನೇ ನಂಬರಿನ ಸರಿಯಾದ ಸ್ಕ್ರೂಡ್ರೈವರ್ ಹಿಡಿಯದಿದ್ದರೆ ತಲೆ ಸವೆದುಹೋಗುತ್ತದೆ. ಎಪಾಕ್ಸಿ ಹಚ್ಚಿದ ಹಳೆಯ ಸ್ಕ್ರೂ ಜಪ್ಪಯ್ಯ ಅಂದರೂ ಕದಲದಿದ್ದಾಗ, ಕಾದ ಸೋಲ್ಡರಿಂಗ್ ಐರನ್ನನ್ನು ತಲೆಯ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅಂಟು ಸಡಿಲುತ್ತದೆ. ಇದೆಲ್ಲ ಕೈಯಿಂದ ಕೈಗೆ ಬಂದ ತಿಳಿವಳಿಕೆ, ಬೆಲೆಯುಳ್ಳದ್ದು.

ಅಳತೆಯಲ್ಲಿ ಮಾತ್ರ ಅಷ್ಟು ನಂಬಿಕೆ ಇಡಲಾರೆ. ಅಂಗಡಿಯಲ್ಲಿ ತೂತಿನ ಜಾಗ ತೋರಿಸುವ ಲೋಹದ ಜಿಗ್ ಇರುತ್ತದೆ. ಗ್ಯಾರೇಜಿನಲ್ಲಿ ಕಾಗದದ ಮೇಲೆ ಮುದ್ರಿಸಿದ ನಕ್ಷೆ. ಪುಟಕ್ಕೆ ಹಿಡಿಸಲೆಂದು ಪ್ರಿಂಟರ್ ಅದನ್ನು ಚೂರು ಕುಗ್ಗಿಸಿದರೂ ತೂತುಗಳು ತಪ್ಪುತ್ತವೆ.

ಇಷ್ಟಾದ ಮೇಲೆ ಬೂಟು ಸಿಕ್ಕಿಸಿ, ಜಗ್ಗಿ ನೋಡಿ, ಅಲ್ಲಾಡಲಿಲ್ಲ ಎಂದು ಸಮಾಧಾನಪಡುತ್ತಾರೆ. ನನ್ನ ತಕರಾರು ಇಲ್ಲಿಯೇ. ಹ್ಯಾಲ್ಮರ್ ವಾಮ್ ಎಂಬ ನಾರ್ವೆ ಮೂಲದ ಸ್ಕೀಪಟು 1937ರಲ್ಲಿ ಆರೆಗಾನ್‌ನ ಮೌಂಟ್ ಹುಡ್‌ನಲ್ಲಿ ಕಾಲು ಮುರಿದುಕೊಂಡ. ಆ ನೋವಿನಿಂದಲೇ, ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಬೈಂಡಿಂಗ್ ಅವನಿಗೆ ಹೊಳೆದದ್ದು. ಅಂದಿನಿಂದ ಬೈಂಡಿಂಗ್‌ನ ಯೋಗ್ಯತೆ ನಿಂತಿರುವುದು ಅದು ಯಾವಾಗ ಬಿಡುತ್ತದೆ ಎಂಬುದರ ಮೇಲೆ. ವರ್ಮಾಂಟ್‌ನ ಶುಗರ್‌ಬುಷ್ ಸ್ಕೀ ತಾಣದಲ್ಲಿ 1972ರಿಂದ ದಶಕಗಳ ಕಾಲ ನಡೆದ ಗಾಯಗಳ ಅಧ್ಯಯನದಲ್ಲಿ ಮೊಣಕಾಲಿನ ಕೆಳಗಿನ ಮೂಳೆಮುರಿತ ಬಹಳ ಇಳಿದದ್ದು ಕಂಡಿತು. ಮೊಣಕಾಲಿನೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದನ್ನು ಮಾತ್ರ ಈ ಸಾಧನ ತಡೆಯಲಿಲ್ಲ. ಇದರ ಕಾವಲಿಗೂ ಒಂದು ಗಡಿಯಿದೆ.

ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಸ್ಕೀ ಮಾಡುವ ರೀತಿ ನೋಡಿ ಬಿಡುಗಡೆಯ ಸಂಖ್ಯೆ ನಿರ್ಧರಿಸುತ್ತಾರೆ. ಬೈಂಡಿಂಗ್‌ನ ಪುಟ್ಟ ಕಿಟಕಿಯಲ್ಲಿ ಕಾಣುವ ಆ ಸಂಖ್ಯೆ ಸ್ಪ್ರಿಂಗ್ ಎಷ್ಟು ಬಿಗಿಯಾಗಿದೆ ಎಂದಷ್ಟೇ ಹೇಳುತ್ತದೆ. ಹಿಮ್ಮಡಿಯ ತುಂಡು ಬೂಟನ್ನು ಮುಂದಕ್ಕೆ ಒತ್ತುವ ಬಲ ಹೆಚ್ಚುಕಮ್ಮಿಯಾದರೆ, ಬೂಟಿನ ತಳ ಸವೆದಿದ್ದರೆ, ಅದೇ ಸಂಖ್ಯೆಯಲ್ಲಿ ಬೇರೆಯದೇ ಬಲಕ್ಕೆ ಬಿಡುಗಡೆಯಾಗುತ್ತದೆ. ನಿಜ ತಿಳಿಯಬೇಕಾದರೆ ಅಂಗಡಿಯ ಯಂತ್ರದಲ್ಲಿ ತಿರುಚಿ, ನ್ಯೂಟನ್-ಮೀಟರ್‌ಗಳಲ್ಲಿ ಅಳೆಯಬೇಕು.

ಹಾಗಾದರೆ ಅಂಗಡಿಗೇ ಒಯ್ಯಬಹುದಲ್ಲ? ತಯಾರಕರು ಹೊಣೆ ಹೊರುವ ಮಾದರಿಗಳ ಪಟ್ಟಿಯಿಂದ ಹೊರಬಿದ್ದ ಹಳೆಯ ಬೈಂಡಿಂಗ್ ಅನ್ನು ಅಂಗಡಿಯವರು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಮುಪ್ಪಾಗುತ್ತದೆ, ಬೂಟಿನ ತಳದ ವಿನ್ಯಾಸವೂ ಬದಲಾಗಿದೆ. ಕೂರಿಸಲು ನಿರಾಕರಿಸುವುದನ್ನು ಒಪ್ಪುತ್ತೇನೆ. ಅಳೆದು ಹೇಳಲೂ ನಿರಾಕರಿಸುವುದನ್ನು ಒಪ್ಪಲಾರೆ. ಕೆಟ್ಟಿದೆ ಎಂದು ಯಂತ್ರ ತೋರಿಸಿಕೊಟ್ಟರೆ ಜನ ತಾವಾಗಿಯೇ ಬಿಸಾಡುತ್ತಾರೆ. ಬಾಗಿಲು ಮುಚ್ಚಿದರೆ ಅದೇ ಬೈಂಡಿಂಗ್ ತೊಟ್ಟು ಬೆಟ್ಟ ಹತ್ತುತ್ತಾರೆ.

ಕಳೆದ ಚಳಿಗಾಲ ನಾನು ಕೈಯಾರೆ ಕೂರಿಸಿದ, ಪಟ್ಟಿಯಲ್ಲಿ ಇನ್ನೂ ಇರುವ ಬೈಂಡಿಂಗ್‌ಗಳನ್ನು ಅಂಗಡಿಯಲ್ಲಿ ಪರೀಕ್ಷೆಗೆ ಕೊಟ್ಟಿದ್ದೆ. ಕಿಟಕಿಯಲ್ಲಿ ಎರಡಕ್ಕೂ ಒಂದೇ ಸಂಖ್ಯೆ. ಯಂತ್ರದಲ್ಲಿ ಎಡಗಾಲಿನ ಮುಂತುಂಡು ಬಲಗಾಲಿನದಕ್ಕಿಂತ ತಡವಾಗಿ ಬಿಟ್ಟಿತು. ಅಲ್ಲಿನ ಹುಡುಗ ಸ್ಪ್ರಿಂಗಿನ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ, ಮತ್ತೆ ತಿರುಚಿ ನೋಡಿ, ಹೊಸ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟ.