ಪಾಪ್ಪಾರಪಟ್ಟಿಯಲ್ಲೇ ನಿಂತುಹೋಗುವ ಸಿನಿಮಾ

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಒಂದು ಆಂಬ್ಯುಲೆನ್ಸ್ ನಿಂತಿತು. ಅದರ ಮೈಮೇಲೆ ಸೇಲಂನ ಆಸ್ಪತ್ರೆಯೊಂದರ ಹೆಸರಿತ್ತು. ಒಳಗಿದ್ದವನು ಕಣ್ಣಿನ ಚಿಕಿತ್ಸೆಗೆಂದು ಹೊರಟಿದ್ದ ಗಂಧದ ಕಳ್ಳ ವೀರಪ್ಪನ್, ಜೊತೆಗೆ ಮೂವರು ಸಹಚರರು. ಗಾಡಿ ಓಡಿಸುತ್ತಿದ್ದವನೇ ಪೊಲೀಸ್. ಮುಂದೆ ವೀರಪ್ಪನ್ ಪೊಲೀಸರ ಗುಂಡಿಗೆ ಬಿದ್ದದ್ದು ಎಲ್ಲರಿಗೂ ಗೊತ್ತು. ಇಷ್ಟು ಸಿದ್ಧವಾದ ಕ್ಲೈಮ್ಯಾಕ್ಸ್ ಚಿತ್ರಕಥೆ ಬರೆಯುವವರಿಗೆ ಮತ್ತೆಲ್ಲಿ ಸಿಗಬೇಕು? ನಮ್ಮ ಸಿನಿಮಾಗಳು ಕೆಟ್ಟದ್ದೂ ಈ ಕ್ಲೈಮ್ಯಾಕ್ಸಿನಿಂದಲೇ ಎಂಬುದು ನನ್ನ ತಕರಾರು.

ಸೇಲಂ, ಧರ್ಮಪುರಿ ಸೀಮೆಗೆ ದರೋಡೆಕೋರರ ಸಿನಿಮಾ ಹೊಸದಲ್ಲ. ಈ ಭಾಗದ ನಿಜ ಡಕಾಯಿತನೊಬ್ಬನ ಕಥೆಯನ್ನು ಆಧರಿಸಿದ 'ಮಲೈಯೂರ್ ಮಂಬಟ್ಟಿಯಾನ್' 1983ರಲ್ಲೇ ತಮಿಳಿನಲ್ಲಿ ಬಂದು ಗೆದ್ದಿತ್ತು. ವೀರಪ್ಪನ್ ವಿಷಯದಲ್ಲಿ ಮಾತ್ರ ಕನ್ನಡಿಗರಿಗೆ ಬೇರೆಯದೇ ಸಂಕಟವಿದೆ. ಅವನು ಹುಟ್ಟಿದ ಗೋಪಿನಾಥಂ ನಮ್ಮದು, ಅವನನ್ನು ಮಣ್ಣು ಮಾಡಿದ ಮೂಲಕ್ಕಾಡು ಮೆಟ್ಟೂರಿನ ಬಳಿ, ಸೇಲಂ ಜಿಲ್ಲೆಯಲ್ಲಿ. ನಡುವೆ 2000ದ ಜುಲೈ 30ರಿಂದ 108 ದಿನ ನಟ ರಾಜ್‌ಕುಮಾರ್ ಅವನ ಒತ್ತೆಯಾಳಾಗಿದ್ದರು. ಆ ದಿನಗಳಲ್ಲಿ ರೇಡಿಯೊ ಪಕ್ಕ ಕೂತವರಿಗೆ ಈ ಸಿನಿಮಾಗಳನ್ನು ತಣ್ಣಗೆ ನೋಡುವುದು ಕಷ್ಟ.

ಎ.ಎಂ.ಆರ್. ರಮೇಶ್ ಅವರ 'ಅಟ್ಟಹಾಸ' (2013) ನಿಂತಿರುವುದು ಕಿಶೋರ್ ಒಬ್ಬರ ಮೇಲೆ. ಅವರ ವೀರಪ್ಪನ್ ಕೂಗಾಡುವುದಿಲ್ಲ. ಎದುರಿಗಿರುವವನನ್ನು ಅಳೆಯುತ್ತಾನೆ, ಅನುಮಾನ ಬಂದರೆ ಅರೆಕ್ಷಣ ಸುಮ್ಮನಾಗುತ್ತಾನೆ, ಆ ಸುಮ್ಮನಿರುವಿಕೆಯೇ ಭಯ ಹುಟ್ಟಿಸುತ್ತದೆ. ಕನ್ನಡದಲ್ಲಿ ಖಳನನ್ನು ಇಷ್ಟು ಸಂಯಮದಿಂದ ಮಾಡಿದ್ದು ಅಪರೂಪ. ಆದರೆ ಚಿತ್ರದ ಕಣ್ಣು ಮಾತ್ರ ಪೊಲೀಸ್ ಫೈಲಿನದು. ಘಟನೆಗಳು ಒಂದರ ಹಿಂದೊಂದು ಬರುತ್ತವೆ, ಕಾಡಂಚಿನ ಊರುಗಳು ಲೊಕೇಶನ್ ಆಗಿಯೇ ಉಳಿಯುತ್ತವೆ. ರಾಮ್‌ಗೋಪಾಲ್ ವರ್ಮಾ ಅವರ 'ಕಿಲ್ಲಿಂಗ್ ವೀರಪ್ಪನ್' (2016) ಬಿಗಿಯಾಗಿದೆ, ಬೇಟೆಯ ಲಯ ಹಿಡಿದಿದೆ. ಅಪಹೃತನ ಮಗ ಶಿವರಾಜ್‌ಕುಮಾರ್ ಅಪಹರಣಕಾರನನ್ನು ಬೆನ್ನಟ್ಟುವ ಅಧಿಕಾರಿಯಾಗಿ ನಿಂತಾಗ ಚಿತ್ರಮಂದಿರದಲ್ಲಿ ಎದ್ದ ಶಿಳ್ಳೆಗೆ ಕಾರಣ ಬೇರೆ ಹೇಳಬೇಕಿಲ್ಲ. ಆದರೆ ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿಯ ಸ್ನೇಹ ಸಂಪಾದಿಸಿ ಸುಳಿವು ತೆಗೆಯುವ ಹೆಣ್ಣಿನ ಪ್ರಸಂಗವನ್ನು ವರ್ಮಾ ಬರಿಯ ತಂತ್ರವಾಗಿ ಬಳಸಿಕೊಳ್ಳುತ್ತಾರೆ. ನಂಬಿಕೆ ಮುರಿಯುವ ಆ ನೋವಿನ ಮುಂದೆ ಕ್ಯಾಮೆರಾ ಒಂದು ಗಳಿಗೆಯೂ ತಡೆದು ನಿಲ್ಲುವುದಿಲ್ಲ.

ನೆಟ್‌ಫ್ಲಿಕ್ಸ್‌ನಲ್ಲಿ 2023ರಲ್ಲಿ ಬಂದ ಸೆಲ್ವಮಣಿ ಸೆಲ್ವರಾಜ್ ಅವರ ನಾಲ್ಕು ಕಂತಿನ ಸಾಕ್ಷ್ಯಚಿತ್ರ 'ದಿ ಹಂಟ್ ಫಾರ್ ವೀರಪ್ಪನ್' ಇವೆರಡಕ್ಕಿಂತ ಎಷ್ಟೋ ಮೇಲು. ಧರ್ಮಪುರಿ ಜಿಲ್ಲೆಯ ನೆರುಪ್ಪೂರಿನ ಹುಡುಗಿಯಾಗಿದ್ದ ಮುತ್ತುಲಕ್ಷ್ಮಿ ಇಲ್ಲಿ ತಾವೇ ಕೂತು ಮಾತಾಡುತ್ತಾರೆ. ಗಂಡನ ಬಗ್ಗೆ ಹೇಳುವಾಗ ಅವರ ಮುಖದಲ್ಲಿ ಇನ್ನೂ ಉಳಿದಿರುವ ಹೆಮ್ಮೆಯನ್ನು ನಿರ್ದೇಶಕರು ಮುಚ್ಚಿಡುವುದಿಲ್ಲ. ಮುಚ್ಚಿಡದೆ ಇರುವುದು ಸರಿ. ಆದರೆ ಆ ಪ್ರೇಮಕಥೆಯ ಬೆಚ್ಚಗಿನ ಬೆಳಕು ಉಳಿದದ್ದರ ಮೇಲೂ ಬೀಳುತ್ತದೆ. ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಊರವರ ಮನಸ್ಸು ಗೆದ್ದು, ಶರಣಾಗುವೆನೆಂಬ ಮಾತು ನಂಬಿ ಹೋಗಿ 1991ರ ನವೆಂಬರ್ 10ರಂದು ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಎದುರು ಆ ಬೆಳಕು ನನಗೆ ಸಹಿಸಲಾಗಲಿಲ್ಲ.

ಇನ್ನು ನನ್ನ ಮುಖ್ಯ ಮಾತು. ಯಾವ ನ್ಯಾಯಾಲಯವೂ ವೀರಪ್ಪನ್‌ಗೆ ಶಿಕ್ಷೆ ವಿಧಿಸಲಿಲ್ಲ. 1986ರಲ್ಲಿ ಒಮ್ಮೆ ಸಿಕ್ಕಿಬಿದ್ದವನು ಬೂದಿಪಡಗದ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ, ಆಮೇಲೆ ಕಟಕಟೆ ಹತ್ತಲೇ ಇಲ್ಲ. ರಾಜ್‌ಕುಮಾರ್ ಅಪಹರಣದ ಪ್ರಕರಣದಲ್ಲಿ ಬದುಕುಳಿದಿದ್ದ ಒಂಬತ್ತು ಆರೋಪಿಗಳನ್ನು ಗೋಬಿಚೆಟ್ಟಿಪಾಳ್ಯದ ನ್ಯಾಯಾಲಯ 2018ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಕರ್ನಾಟಕವನ್ನೇ ಸ್ತಬ್ಧಗೊಳಿಸಿದ ಆ ಅಪರಾಧಕ್ಕೆ ಕಾನೂನಿನ ಲೆಕ್ಕದಲ್ಲಿ ಇಂದು ಅಪರಾಧಿಯೇ ಇಲ್ಲ. ವೀರಪ್ಪನ್ ತಂಡ ನಡೆಸಿ 22 ಜನರನ್ನು ಬಲಿ ಪಡೆದ 1993ರ ಪಾಲಾರ್ ಸ್ಫೋಟದ ಮೊಕದ್ದಮೆಯಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ಕೆಲವರಿಗೆ ಜೀವಾವಧಿ ಕೊಟ್ಟಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನಾಲ್ವರಿಗೆ ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು, ಹತ್ತು ವರ್ಷದ ಮೇಲೆ ಮತ್ತೆ ಜೀವಾವಧಿಗೆ ಇಳಿಸಿತು. ಆ ಹಗ್ಗಜಗ್ಗಾಟದಲ್ಲಿ ಎಷ್ಟು ದೊಡ್ಡ ನಾಟಕವಿದೆ! ಯಾವ ನಿರ್ದೇಶಕರಿಗೂ ಅದು ಬೇಕಾಗಲಿಲ್ಲ.

ಅಮೆರಿಕದಲ್ಲೂ ಜೆಸ್ಸಿ ಜೇಮ್ಸ್ ಎಂಬ ದರೋಡೆಕೋರ ನ್ಯಾಯಾಲಯಕ್ಕೆ ಸಿಗದೆ, 1882ರಲ್ಲಿ ತನ್ನವನೊಬ್ಬನ ಗುಂಡಿಗೆ ಬಿದ್ದು, ಮುಂದೆ ಸಿನಿಮಾಗಳ ನಾಯಕನಾದ. ಆದರೆ ಅಲ್ಲಿ ಇನ್ನೊಂದು ಸಾಲೂ ಇದೆ. ಸ್ಯಾನ್ ಕ್ವೆಂಟಿನ್ ಜೈಲು ಕಂಡ ಡ್ಯಾನಿ ಟ್ರೆಹೊ ಹೊರಬಂದು ನಟರಾದರು. ಅದೇ ಜೈಲಿನಲ್ಲಿದ್ದ ಗಾಯಕ ಮರ್ಲ್ ಹ್ಯಾಗರ್ಡ್‌ಗೆ 1972ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಕ್ಷಮೆ ಕೊಟ್ಟರು. ವಿಚಾರಣೆ, ಶಿಕ್ಷೆ, ಬಿಡುಗಡೆ ದಾಟಿ ಬಂದವನು ತನ್ನ ಕಥೆಯನ್ನು ತಾನೇ ಹೇಳಬಲ್ಲ. ಗುಂಡೇಟಿಗೆ ಸತ್ತವನ ಕಥೆ ಹೇಳಿದವರ ಪಾಲು. ಮೂಲಕ್ಕಾಡಿನ ಸಮಾಧಿಗೆ ಹೂವಿಡುವವರು ಒಂದು ಹೇಳುತ್ತಾರೆ, ಪೊಲೀಸರ ನೆನಪಿನ ಪುಸ್ತಕಗಳು ಇನ್ನೊಂದು ಹೇಳುತ್ತವೆ, ಸಿನಿಮಾ ಎರಡರಿಂದಲೂ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ.

ಧರ್ಮಪುರಿಯಲ್ಲಿ ತೀರ್ಪು ಬಂದ ಕಥೆ ಇಲ್ಲವೇ? ಇದೆ. ಅದೇ ಜಿಲ್ಲೆಯಲ್ಲಿ, ಹರೂರಿನ ಕಡೆ, ಚಿತ್ತೇರಿ ಬೆಟ್ಟದ ತಪ್ಪಲಲ್ಲಿ ವಾಚಾತಿ ಎಂಬ ಮಲೆಯಾಳಿ ಬುಡಕಟ್ಟಿನವರ ಊರಿದೆ. 1992ರ ಜೂನ್ 20ರಂದು ಗಂಧದ ಕಳ್ಳಸಾಗಣೆ ಪತ್ತೆಗೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ 269 ಜನ ಆ ಊರಿಗೆ ನುಗ್ಗಿದರು. ಊರವರನ್ನು ಆಲದ ಮರದಡಿಗೆ ಎಳೆತಂದು ಹೊಡೆದರು. ಹದಿನೆಂಟು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ಮನೆಗಳನ್ನು ಒಡೆದರು, ದವಸದಲ್ಲಿ ಗಾಜಿನ ಚೂರು ಬೆರೆಸಿದರು, ದನಕರು, ಕುರಿಕೋಳಿ ಕೊಂದು ಬಾವಿಗೆ ಹಾಕಿದರು. ಹೆಂಗಸರನ್ನೂ ಮಕ್ಕಳನ್ನೂ ಸೇಲಂ ಜೈಲಿಗೆ ಕಳಿಸಿದರು. ತಿನ್ನುವ ಕಾಳಿಗೆ ಗಾಜು ಬೆರೆಸಿದ್ದು ಆವೇಶದ ಕೆಲಸವಲ್ಲ. ಯಾರೋ ಗಾಜು ಒಡೆಯಬೇಕು, ಚೂರು ಮಾಡಬೇಕು, ಮೂಟೆ ಬಿಚ್ಚಿ ಸುರಿಯಬೇಕು. ಊರು ಬಿಟ್ಟವರು ಮರಳಿ ಬಂದರೂ ಉಣ್ಣಬಾರದು ಎಂಬ ಲೆಕ್ಕಾಚಾರ ಅದರಲ್ಲಿದೆ.

ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ) ಮತ್ತು ಬುಡಕಟ್ಟು ಸಂಘದವರು ಬೆನ್ನುಬಿಡದೆ ಹೋರಾಡಿದ ಮೇಲೆ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ವಹಿಸಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ಸೆಷನ್ಸ್ ನ್ಯಾಯಾಲಯ 269 ಜನರನ್ನೂ ತಪ್ಪಿತಸ್ಥರೆಂದಿತು. ಅಷ್ಟರಲ್ಲಿ 54 ಜನ ಸತ್ತಿದ್ದರು. ಉಳಿದ 215 ಮಂದಿಯಲ್ಲಿ 126 ಜನ ಅರಣ್ಯ ಇಲಾಖೆಯವರು, 84 ಜನ ಪೊಲೀಸರು, ಐವರು ಕಂದಾಯದವರು. 17 ಮಂದಿಗೆ ಅತ್ಯಾಚಾರದ ಶಿಕ್ಷೆ. ಮೇಲ್ಮನವಿ ಕೇಳಿದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ವಾಚಾತಿಗೇ ಹೋಗಿ ಊರು ನೋಡಿ ಬಂದರು. 2023ರ ಸೆಪ್ಟೆಂಬರ್ 29ರಂದು ಶಿಕ್ಷೆ ಎತ್ತಿಹಿಡಿದು, ಹದಿನೆಂಟು ಹೆಣ್ಣುಮಕ್ಕಳಿಗೂ ತಲಾ 10 ಲಕ್ಷ ಕೊಡಲು, ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದಲೇ ವಸೂಲು ಮಾಡಲು ಹೇಳಿದರು.

ಇದು ವೀರಪ್ಪನ್ ಕಥೆಯ ಹೊರಗಿನ ಮಾತಲ್ಲ. ಮಲೆ ಮಹದೇಶ್ವರ ಬೆಟ್ಟದ 'ವರ್ಕ್‌ಶಾಪ್' ಎಂಬ ಪೊಲೀಸರ ಚಿತ್ರಹಿಂಸೆಯ ತಾಣದ ಬಗ್ಗೆ ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಣೆ ನಡೆಸಿದ್ದು, 2007ರಲ್ಲಿ 89 ಜನರಿಗೆ ಪರಿಹಾರ ಕೊಡಲು ಮಾನವ ಹಕ್ಕುಗಳ ಆಯೋಗ ಹೇಳಿದ್ದು ಇದೇ ಕಾಲದ, ಇದೇ ಗಂಧದ ಮರದ ಬುಡದ ಕಥೆ. ವೀರಪ್ಪನ್ ಎಷ್ಟು ಕ್ರೂರಿಯೆಂದು ತೋರಿಸಲು ನಮ್ಮ ಚಿತ್ರಗಳು ಹಿಂಜರಿಯಲಿಲ್ಲ, ಹಿಂಜರಿಯಲೂಬಾರದು. ಆದರೆ ಖಾಕಿಯೊಳಗೆ ಕೂತ ಕ್ರೌರ್ಯವನ್ನು ನ್ಯಾಯಾಲಯವೇ ಗುರುತಿಸಿ ಹೆಸರು ಬರೆದ ಮೇಲೂ ಕನ್ನಡದ ಈ ಎರಡು ಚಿತ್ರಗಳಲ್ಲಿ ವಾಚಾತಿಗೆ ಜಾಗ ಸಿಗಲಿಲ್ಲ. 'ಕಿಲ್ಲಿಂಗ್ ವೀರಪ್ಪನ್' ಬರುವ ಹೊತ್ತಿಗೆ ಧರ್ಮಪುರಿಯ ತೀರ್ಪಿಗೆ ನಾಲ್ಕು ವರ್ಷ ದಾಟಿತ್ತು.

ಹತ್ತೊಂಬತ್ತು ವರ್ಷ ಸಾಕ್ಷಿ ಹೇಳಲು ಬಸ್ಸು ಹತ್ತಿ ಕೋರ್ಟಿಗೆ ಬರುವ ಹೆಂಗಸರು, ಅಷ್ಟರಲ್ಲಿ ಬಡ್ತಿ ಪಡೆದು ನಿವೃತ್ತರಾಗುವ ಆರೋಪಿಗಳು, ಹಾಜರಿ ಕೂಗುವಾಗ ವರ್ಷವರ್ಷಕ್ಕೂ ಕಡಿಮೆಯಾಗುವ ಹೆಸರುಗಳು: ಇದನ್ನು ತೆರೆಗೆ ತರಲು ಆಂಬ್ಯುಲೆನ್ಸ್ ಬೇಡ, ಮದ್ದುಗುಂಡು ಬೇಡ. ನಟರು ಬೇಕು, ಅವರು ನಮ್ಮಲ್ಲಿದ್ದಾರೆ. ಕಿಶೋರ್ ಅವರನ್ನೇ ಮತ್ತೆ ಕರೆಯಲಿ, ಆ ದೊಡ್ಡ ಮೀಸೆ ತೆಗೆಸಿ, ಕಟಕಟೆಯಲ್ಲಿ ಸಾಲಾಗಿ ನಿಂತ ಫಾರೆಸ್ಟರುಗಳಲ್ಲಿ ಒಬ್ಬರನ್ನಾಗಿ ನಿಲ್ಲಿಸಲಿ.